ಬುದ್ಧನ ಬೆನ್ನುನೋವು, ನಮ್ಮ ಕರ್ಮ

ಬುದ್ಧನಿಗೆ ಬೆನ್ನುನೋವಿತ್ತು. ಪಾಲಿ ಗ್ರಂಥಗಳು ಇದನ್ನು ಮುಚ್ಚಿಟ್ಟಿಲ್ಲ. ದೀಘನಿಕಾಯದ ಸಂಗೀತಿ ಸುತ್ತದಲ್ಲಿ ಒಂದು ಪ್ರಸಂಗವಿದೆ. ಮಹಾವೀರ ಆಗಷ್ಟೇ ತೀರಿಕೊಂಡಿದ್ದ ಕಾಲ, ಬುದ್ಧನಿಗೂ ವಯಸ್ಸಾಗಿತ್ತು. ಪಾವಾ ಊರಿನ ಮಲ್ಲ ಕುಲದವರು ಹೊಸದಾಗಿ ಕಟ್ಟಿಸಿದ ಸಭಾಭವನಕ್ಕೆ ಅವನನ್ನು ಬರಮಾಡಿಕೊಂಡಿದ್ದರು. ರಾತ್ರಿ ಬಹಳ ಹೊತ್ತು ಅವರಿಗೆ ಉಪದೇಶ ಹೇಳಿ ಕಳಿಸಿದ ಮೇಲೆ ನೋಡಿದರೆ ಭಿಕ್ಷುಗಳು ಇನ್ನೂ ಕೇಳಬೇಕೆಂದು ಕೂತಿದ್ದಾರೆ. ಬುದ್ಧ ಆ ಕೆಲಸವನ್ನು ಹಿರಿಯ ಶಿಷ್ಯ ಸಾರಿಪುತ್ರನಿಗೆ ವಹಿಸಿದ. ತನಗೆ ಬೆನ್ನು ನೋಯುತ್ತಿದೆ, ಸ್ವಲ್ಪ ಮೈಚಾಚುತ್ತೇನೆ ಎಂದು ಹೇಳಿ, ಮೇಲುಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಬಲಮಗ್ಗುಲಾಗಿ ಮಲಗಿದ. ಸಂಯುತ್ತನಿಕಾಯದಲ್ಲಿ ಇನ್ನೊಂದು ಚಿತ್ರ ಸಿಗುತ್ತದೆ. ಶ್ರಾವಸ್ತಿಯಲ್ಲಿ ಅವನು ಸಂಜೆ ಬಿಸಿಲಿಗೆ ಬೆನ್ನು ಕಾಯಿಸುತ್ತಾ ಕೂತಿದ್ದಾನೆ. ಶಿಷ್ಯ ಆನಂದ ಅವನ ಮೈಕೈ ಒತ್ತುತ್ತಾ, ಚರ್ಮ ಸುಕ್ಕುಗಟ್ಟಿದ್ದನ್ನೂ ದೇಹ ಮುಂದಕ್ಕೆ ಬಾಗಿದ್ದನ್ನೂ ಕಂಡು ಮರುಗುತ್ತಾನೆ.

ತಿಪಟೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದ ಕಾಲದಲ್ಲಿ ನನಗೆ ಇದೊಂದೂ ತಿಳಿದಿರಲಿಲ್ಲ. ಪಠ್ಯಪುಸ್ತಕದ ಬುದ್ಧ ಅರಮನೆ ಬಿಡುತ್ತಾನೆ, ಬೋಧಿವೃಕ್ಷದ ಕೆಳಗೆ ಕೂರುತ್ತಾನೆ, ಮುಗಿಯಿತು. ನಿವೃತ್ತಿಯಾದ ಮೇಲೆ, ನನ್ನದೇ ಸೊಂಟ ಕೈಕೊಡಲು ಶುರುವಾದಾಗ, ಈ ಮುದುಕ ಬುದ್ಧ ಸಿಕ್ಕಿದ. ಅವತ್ತಿನಿಂದ ನನಗೆ ಅವನ ಮೇಲೆ ಪ್ರೀತಿ ಹೆಚ್ಚಾಗಿದೆ.

ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಕುಕ್ಕರುಬಡಿದು ಬಿದ್ದಿದ್ದರು. ಆಮೇಲೆ ಏಳುವಾಗ, ಕೂರುವಾಗ, ಕೆಮ್ಮಿದಾಗ ಬೆನ್ನಲ್ಲಿ ಜೀವ ಹೋಗುವಂಥ ನೋವು. ಆಸ್ಪತ್ರೆಗೆ ಹೋಗೋಣವೆಂದರೆ ಅವರದು ಒಂದೇ ಮಾತು: "ಯಾವ ಜನ್ಮದ್ದೋ ಏನೋ ಕಣಮ್ಮ, ಅನುಭವಿಸಿ ತೀರಿಸ್ಬೇಕು. ಈಗ ತಪ್ಪಿಸ್ಕೊಂಡ್ರೆ ಮುಂದಿನ ಜನ್ಮಕ್ಕೆ ಉಳ್ಕೊಳ್ಳುತ್ತೆ." ಮನೆಗೆ ಬಂದುಹೋಗುವ ಹಿರಿಯರೂ ತಲೆಯಾಡಿಸಿದರು. ತಿಂಗಳುಗಳು ಕಳೆದ ಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಕುಸಿದಿದ್ದು ಕಂಡಿತು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಟೊಳ್ಳಾಗುತ್ತಾ ಬರುತ್ತದೆ. ಅಂಥ ಮೂಳೆ ಕುಸಿಯಲು ಬೀಳಲೂ ಬೇಕಿಲ್ಲ, ತುಂಬಿದ ಕೊಡ ಎತ್ತಿದರೆ ಸಾಕು. ಅದಕ್ಕೆ ಔಷಧಿಯಿದೆ, ಮುಂದಿನ ಮಣಿ ಕುಸಿಯದಂತೆ ನೋಡಿಕೊಳ್ಳುವ ದಾರಿಯಿದೆ. ಅಷ್ಟು ಹೊತ್ತಿಗೆ ಅತ್ತೆಯವರು ಗೂನಾಗಿದ್ದರು.

ಅವರ ನಂಬಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಾರಣವಿಲ್ಲದ ನೋವಿಗಿಂತ ಕಾರಣವಿರುವ ನೋವನ್ನು ತಡೆದುಕೊಳ್ಳುವುದು ಸುಲಭ. ಕರ್ಮವೆಂದಾಗ ಸಂಕಟಕ್ಕೊಂದು ಲೆಕ್ಕ ಸಿಗುತ್ತದೆ, ಯಾರನ್ನೂ ದೂರದೆ ಬದುಕಬಹುದು. ಬೌದ್ಧರಿಗೂ ಈ ಆಸೆ ತಪ್ಪಲಿಲ್ಲ. ಬುದ್ಧ ಹಿಂದೊಂದು ಜನ್ಮದಲ್ಲಿ ಕುಸ್ತಿಯಲ್ಲಿ ಎದುರಾಳಿಯನ್ನು ಘಾಸಿ ಮಾಡಿದ್ದ, ಅದರ ಫಲವೇ ಈ ಬೆನ್ನುನೋವು ಎಂದು ಅಪದಾನ ಎಂಬ ಗ್ರಂಥ ಹೇಳುತ್ತದೆ.

ಆದರೆ ಇದೇ ಪ್ರಶ್ನೆಯನ್ನು ಬುದ್ಧನಿಗೇ ನೇರವಾಗಿ ಕೇಳಿದವನೊಬ್ಬನಿದ್ದಾನೆ, ಮೋಳಿಯ ಸೀವಕ ಎಂಬ ಪರಿವ್ರಾಜಕ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರಲ್ಲ, ನೀವೇನನ್ನುತ್ತೀರಿ ಎಂದು ರಾಜಗೃಹದ ಬಿದಿರುತೋಪಿನಲ್ಲಿ ಅವನು ಕೇಳಿದ. ಬುದ್ಧ ಎಂಟು ಕಾರಣ ಎಣಿಸಿದ: ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದೆ ಇರುವುದು, ಹೊರಗಿನ ಪೆಟ್ಟು, ಎಂಟನೆಯದಾಗಿ ಕರ್ಮ. ಎಲ್ಲವೂ ಕರ್ಮವೇ ಎನ್ನುವವರು ತಾವು ಸ್ವತಃ ಬಲ್ಲದ್ದನ್ನೂ ಲೋಕ ನಿಜವೆಂದು ಒಪ್ಪಿದ್ದನ್ನೂ ದಾಟಿ ಮಾತಾಡುತ್ತಿದ್ದಾರೆ, ಅದು ತಪ್ಪು ಎಂದ. ಮುಂದೆ ಮಿಳಿಂದ ಎಂಬ ರಾಜನ ಪ್ರಶ್ನೆಗೆ ಉತ್ತರ ಕೊಡುವಾಗ ನಾಗಸೇನ ಎಂಬ ಭಿಕ್ಷುವೂ ಈ ಎಂಟನ್ನೇ ಆಧಾರ ಮಾಡಿಕೊಂಡ.

ಅಪದಾನದ ಉತ್ತರವನ್ನು ಬಿಟ್ಟು ನಾನು ಸೀವಕನಿಗೆ ಸಿಕ್ಕ ಉತ್ತರವನ್ನು ಹಿಡಿದಿದ್ದೇನೆ. ಕರ್ಮಸಿದ್ಧಾಂತವನ್ನು ಅದು ಅಲ್ಲಗಳೆಯುವುದಿಲ್ಲ. ಆದರೆ ಕಣ್ಣಿಗೆ ಕಾಣುವ ಕಾರಣಗಳನ್ನು ಹುಡುಕುವ ಮೊದಲೇ ಕಾಣದ ಕಾರಣವನ್ನು ಹೇಳಿ ಬಾಗಿಲು ಹಾಕಬೇಡಿ ಎನ್ನುತ್ತದೆ. ಅತ್ತೆಯವರ ವಿಷಯದಲ್ಲಿ ಬಚ್ಚಲಿನ ಪೆಟ್ಟೂ ಇತ್ತು, ನೋಡಿಕೊಳ್ಳದೆ ಬಿಟ್ಟದ್ದೂ ಇತ್ತು. ಎರಡೂ ಆ ಪಟ್ಟಿಯಲ್ಲಿ ಕರ್ಮಕ್ಕಿಂತ ಮೊದಲೇ ಬರುತ್ತವೆ.

ಈಗ ಇನ್ನೊಂದು ಬಗೆಯ ಹಣೆಬರಹ ಬಂದಿದೆ, ಅದು ಎಂಆರ್‌ಐ ವರದಿ. ಡಿಸ್ಕ್ ಸವೆದಿದೆ ಎಂದು ಅದರಲ್ಲಿ ಬರೆದದ್ದನ್ನು ಓದಿದವರು ಇನ್ನು ತಮ್ಮ ಕತೆ ಮುಗಿಯಿತೆಂದು ಮಂಚ ಹಿಡಿಯುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ ನೋಡಿತ್ತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆದಿತ್ತು, ಎಂಬತ್ತರವರಲ್ಲಿ ಶೇ. 96. ಸವೆತ ಕಂಡ ಮಾತ್ರಕ್ಕೆ ನೋವಿನ ಮೂಲ ಅದೇ ಎನ್ನುವಂತಿಲ್ಲ. ಸೊಂಟನೋವಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದ ನೋವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕ್ರಮವಾದ ವ್ಯಾಯಾಮ, ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ, ಮಸಾಜು, ಮನಸ್ಸಿಗೆ ಬೇಕಾದ ಚಿಕಿತ್ಸೆ, ಇವನ್ನು ಮಾಡಬಹುದು ಎಂದಿತು. ಸೊಂಟದ ಬೆಲ್ಟು, ಟ್ರಾಕ್ಷನ್ನು ಬೇಡವೆಂದಿತು. ನೋವಿನ ಮಾತ್ರೆಗೆ ಜಾಗವಿದೆ, ಆದರೆ ನಮ್ಮ ವಯಸ್ಸಿನವರು ಅಂಗಡಿಯಿಂದ ತಾವೇ ತಂದು ನುಂಗುತ್ತಾ ಹೋದರೆ ಹೊಟ್ಟೆ, ಮೂತ್ರಪಿಂಡ ಎರಡೂ ಕೆಡಬಹುದು.

ನನಗಿರುವುದು ಬೆನ್ನುಮೂಳೆಯೊಳಗೆ ನರಗಳ ದಾರಿ ಕಿರಿದಾಗಿರುವ ತೊಂದರೆ. ನೆಟ್ಟಗೆ ನಡೆದರೆ ಸ್ವಲ್ಪ ದೂರಕ್ಕೇ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ. ಕೂತು ಮುಂದಕ್ಕೆ ಬಾಗಿದರೆ ಇಳಿಯುತ್ತದೆ. ಹಾಗಾಗಿ ಬೆಳಗ್ಗೆ ಕಾಲೇಜು ಮೈದಾನದಲ್ಲಿ ನಡೆದು, ಕಲ್ಲುಬೆಂಚಿನ ಮೇಲೆ ಕೂತು, ಎದ್ದು ಮತ್ತೆ ನಡೆಯುತ್ತೇನೆ. ಮನೆಯಲ್ಲಿ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ಮಲಗಿ ಮಂಡಿಯನ್ನು ಎದೆಗೆ ತರುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಫಿಸಿಯೋಥೆರಪಿಯ ಹುಡುಗಿ ಕಲಿಸಿದ್ದು. ನೋವು ಪೂರ್ತಿ ಹೋಗಿಲ್ಲ. ನಡೆಯುವ ದೂರ ಹೆಚ್ಚಾಗಿದೆ.

ಲಲಿತಾ ಸಹಸ್ರನಾಮಕ್ಕೆ ನಾನು ಕುರ್ಚಿಯಲ್ಲಿ ಕೂತಾಗ ಹಿರಿಯರೊಬ್ಬರು ದೇವರ ಮುಂದೆ ಹೀಗೆ ಕೂರುವುದು ಸಲ್ಲದು ಎಂದರು. ಆದರೆ ಆಸನ ಸ್ಥಿರವಾಗಿರಬೇಕು, ಹಿತವಾಗಿರಬೇಕು ಎಂದಷ್ಟೇ ಯೋಗಸೂತ್ರದಲ್ಲಿ ಪತಂಜಲಿ ಬಯಸಿದ್ದು. ನೆಲದ ಮೇಲೆ ಕೂತು ಯಾವಾಗ ಮುಗಿಯುತ್ತದೋ ಎಂದು ಎಣಿಸುವ ಮನಸ್ಸಿಗಿಂತ ಕುರ್ಚಿಯಲ್ಲಿ ಕೂತು ದೇವಿಯನ್ನು ನೆನೆಯುವ ಮನಸ್ಸು ಮೇಲೆಂದು ನಾನು ಪೂರ್ತಿಯಾಗಿ ನಂಬಿದ್ದೇನೆ. ಬೋಧನೆಯನ್ನು ಸಾರಿಪುತ್ರನಿಗೆ ವಹಿಸಿ ಮೈಚಾಚಿದ ಬುದ್ಧನಿಗೆ ಅದರಿಂದ ಯಾವ ಕುಂದೂ ಬರಲಿಲ್ಲ.

ಮನೆಯಲ್ಲಿ ವಯಸ್ಸಾದವರಿದ್ದರೆ ಇಷ್ಟು ಗಮನಿಸಿ. ಸೊಂಟನೋವಿನ ಜೊತೆ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ ಅಥವಾ ಕಾಲಿನ ಶಕ್ತಿ ಕುಂದಿದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಶಾಂತಿ, ಹರಕೆ ಮಾಡಿಸುವುದಿದ್ದರೆ ಅಲ್ಲಿಂದ ಬಂದ ಮೇಲೆ ಮಾಡಿಸಿ.