ಲೀಲೆಗೊಂದು ಕೋಣೆ

ಯಾವ ಕೊರತೆಯೂ ಇಲ್ಲದ ಈಶ್ವರ ಜಗತ್ತನ್ನು ಏಕೆ ಸೃಷ್ಟಿಸಿದ? ಬರೀ ಲೀಲೆ ಎನ್ನುತ್ತದೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ. ಕೆಲವರಿಗೆ ಸುಖ, ಕೆಲವರಿಗೆ ನೋವು ಕೊಡುವವನು ಪಕ್ಷಪಾತಿಯಲ್ಲವೆ, ನಿರ್ದಯನಲ್ಲವೆ? ಮರುಸೂತ್ರವೇ ಈ ಆಕ್ಷೇಪವನ್ನು ಎತ್ತಿಕೊಳ್ಳುತ್ತದೆ. ಅವರವರ ಕರ್ಮಕ್ಕೆ ತಕ್ಕ ಫಲ ಎಂಬುದು ಶಂಕರರ ಸಮಾಧಾನ.

ಮೈಸೂರಿನಲ್ಲಿ ಈ ಭಾಗದ ಪಾಠ ಕೇಳಿದವಳು ನಾನು. ಆಸ್ಟಿನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಆರು ವರ್ಷದ ಮೊಮ್ಮಗಳು ರಕ್ತದ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದಾಗ ಆ ಸಮಾಧಾನ ನನ್ನ ಬಾಯಿಗೆ ಬರಲಿಲ್ಲ. ರಾತ್ರಿಯಿಡೀ ಮಗುವಿನ ಕಾಲೊತ್ತುತ್ತ ಕೂತ ಮಗಳ ಮುಂದೆ ಕರ್ಮದ ಮಾತಾಡುವ ಅಧಿಕಾರ ಯಾರಿಗಿದೆ?

ಆ ವಾರ್ಡಿನ ತುದಿಯಲ್ಲಿ ಆಟದ ಕೋಣೆಯಿತ್ತು. ಅದರೊಳಗೆ ಯಾರೂ ಸೂಜಿ ಚುಚ್ಚುವಂತಿಲ್ಲ, ರಕ್ತ ತೆಗೆಯುವಂತಿಲ್ಲ. ಎಷ್ಟೇ ದೊಡ್ಡ ಡಾಕ್ಟರಿಗೂ ಇದೇ ನಿಯಮ. ಮೊಮ್ಮಗಳು ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಅಲ್ಲಿಗೆ ಹೋಗುವಳು. ಬಟ್ಟೆಗೊಂಬೆಗೆ ತಾನೇ ಇಂಜೆಕ್ಷನ್ ಕೊಡುತ್ತ, “ಸ್ವಲ್ಪ ನೋವಾಗತ್ತೆ ಪುಟ್ಟಾ, ನನ್ನ ಕೈ ಹಿಡ್ಕೋ” ಎನ್ನುವಳು. ಹಾಸಿಗೆಯಲ್ಲಿ ಎಲ್ಲವೂ ಅವಳಿಗೆ ಆಗುತ್ತಿತ್ತು. ಇಲ್ಲಿ ಮಾತ್ರ ಅವಳೇ ಮಾಡುತ್ತಿದ್ದಳು.

ಈ ಏರ್ಪಾಡಿಗೆ ದೊಡ್ಡ ಚರಿತ್ರೆಯಿದೆ. ವಿಯೆನ್ನಾದಿಂದ ಅಮೆರಿಕಕ್ಕೆ ಬಂದ ಮಾಂಟೆಸ್ಸರಿ ಶಿಕ್ಷಕಿ ಎಮ್ಮಾ ಪ್ಲ್ಯಾಂಕ್ 1955ರಲ್ಲಿ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ಆಟಪಾಠಗಳಿಗೆಂದೇ ಒಂದು ವಿಭಾಗ ಕಟ್ಟಿದರು. ಈಗ ಅದಕ್ಕೆ ‘ಚೈಲ್ಡ್ ಲೈಫ್’ ಎಂಬ ಹೆಸರಿನ ವೃತ್ತಿಯೇ ಇದೆ. ಇಲ್ಲೇ ಟೆಕ್ಸಾಸಿನಲ್ಲೂ ಆಟ ಆಸ್ಪತ್ರೆಯೊಳಗೆ ಬಂದಿದೆ. 1913ರಲ್ಲಿ ಹುಲ್ಲುಹಾಸಿನ ಮೇಲೆ ಡೇರೆ ಹಾಕಿ ನರ್ಸ್ ಮೇ ಸ್ಮಿತ್ ಆರಂಭಿಸಿದ ಶಿಶು ಶಿಬಿರವೇ ಡಾಲಸ್ಸಿನ ಮಕ್ಕಳ ಆಸ್ಪತ್ರೆಯ ಮೂಲಗಳಲ್ಲೊಂದು. ಇಂದು ಅದರ ಮೊಗಸಾಲೆಯಲ್ಲಿ ಆಟಿಕೆ ರೈಲುಗಳು ಓಡುತ್ತವೆ.

ಆಟದಿಂದ ಭಯ ತಗ್ಗುತ್ತದೆ, ಚಿಕಿತ್ಸೆಗೆ ಮಗು ಒಗ್ಗುತ್ತದೆ ಎನ್ನುತ್ತಾರೆ. ನಿಜವೇ. ಆದರೆ ಆಟವನ್ನು ಇನ್ನೊಂದು ಔಷಧಿಯೆಂದು ಬಗೆದರೆ ಅದರ ಘನತೆ ಕುಗ್ಗುತ್ತದೆ. ಲೀಲೆಗೆ ಶಂಕರರು ಕೊಡುವ ದೃಷ್ಟಾಂತಗಳು ಎರಡು: ಬೇಕಾದುದೆಲ್ಲ ಇರುವ ಅರಸನ ವಿನೋದ, ಮತ್ತು ತಾನಾಗಿ ನಡೆಯುವ ಉಸಿರು. ಆ ಕೋಣೆಯ ಮಕ್ಕಳು ಅರಸರಲ್ಲ. ಕೂದಲು ಹೋಗಿತ್ತು, ಅನ್ನ ರುಚಿಸುತ್ತಿರಲಿಲ್ಲ, ಶಾಲೆ ತಪ್ಪಿತ್ತು. ಆದರೂ ಆಡುತ್ತಿದ್ದರು. ಉಸಿರಿನ ದೃಷ್ಟಾಂತವೇ ಅವರಿಗೆ ಒಪ್ಪುತ್ತದೆ.

ಮಗುವಿಗೆ ರೋಗ ಏಕೆ ಬಂತೆಂಬುದಕ್ಕೆ ಲೀಲೆ ಉತ್ತರವಲ್ಲ. ಹಾಗೆ ಬಳಸುವುದು ಕ್ರೌರ್ಯ. ರೋಗವೂ ಕಸಿಯಲಾಗದಂಥದ್ದು ಮಗುವಿನಲ್ಲಿ ಏನಿದೆ ಎಂಬುದನ್ನು ಮಾತ್ರ ಅದು ತೋರಿಸುತ್ತದೆ. ಅದನ್ನು ಕಾಯುವುದು ನಮ್ಮ ಧರ್ಮ. ಆಸ್ಪತ್ರೆ ಕಟ್ಟುವಾಗ ಆಮ್ಲಜನಕದ ಕೊಳವೆಯನ್ನು ನಕ್ಷೆಯಲ್ಲೇ ಗುರುತಿಸುತ್ತೇವೆ. ಆಟದ ಕೋಣೆಗೂ ಅಲ್ಲೇ ಜಾಗವಿರಬೇಕು.

ಆಟ ಮಗುವಿನ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಅಮೆರಿಕ ಅದನ್ನು ಇನ್ನೂ ಅನುಮೋದಿಸಿಲ್ಲ, ಆದರೂ ಇಲ್ಲಿ ಕೋಣೆಗಳಿವೆ. ಭಾರತ 1992ರಲ್ಲೇ ಒಪ್ಪಿದೆ. ಟೆಕ್ಸಾಸಿನ ಕನ್ನಡ ಬಂಧುಗಳೇ, ಊರಿನ ದೇವಸ್ಥಾನಕ್ಕೆ ಕಾಣಿಕೆ ಕಳಿಸುವಾಗ ನಿಮ್ಮ ಜಿಲ್ಲಾಸ್ಪತ್ರೆಯ ಮಕ್ಕಳ ವಾರ್ಡನ್ನೂ ನೆನೆಯಿರಿ. ಸೂಜಿ ಒಳಬಾರದ ಒಂದು ಕೋಣೆ ಅಲ್ಲಿದೆಯೇ ಎಂದು ವಿಚಾರಿಸಿ. ಇಲ್ಲವಾದರೆ ಕಟ್ಟಿಸಿಕೊಡಿ. ಅದೂ ದೇವರ ಕೆಲಸವೇ.