ರಾಜ ಕೊಡಲಾಗದ ಭೂಮಿ

ವಿಶ್ವಜಿತ್ ಯಾಗ ಮಾಡಿದವನು ತನ್ನದೆಲ್ಲವನ್ನೂ ದಾನ ಮಾಡಬೇಕು. ಹಾಗಾದರೆ ಯಾಗ ಮಾಡಿದ ರಾಜ ಭೂಮಿಯನ್ನೂ ಕೊಡಬೇಕೇ? ಮೀಮಾಂಸಾಸೂತ್ರದ ಆರನೇ ಅಧ್ಯಾಯದಲ್ಲಿ ಜೈಮಿನಿ ಈ ಪ್ರಶ್ನೆ ಎತ್ತುತ್ತಾನೆ. ಕೊಡಲಾಗದು, ಭೂಮಿ ಎಲ್ಲರಿಗೂ ಸಮಾನ ಎಂಬುದು ಅವನ ತೀರ್ಮಾನ. ಕಾಯುವ ಕೆಲಸಕ್ಕಾಗಿ ರಾಜನಿಗೆ ಬೆಳೆಯಲ್ಲಿ ಪಾಲುಂಟು, ನೆಲದ ಒಡೆತನವಿಲ್ಲ ಎಂದು ಶಬರಸ್ವಾಮಿ ವಿವರಿಸಿದ. ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರು, ಅರಸರ ಆಶ್ರಯದಲ್ಲಿದ್ದೂ, ಜೈಮಿನೀಯ ನ್ಯಾಯಮಾಲಾವಿಸ್ತರದಲ್ಲಿ ಇದನ್ನೇ ಎತ್ತಿಹಿಡಿದರು.

ಪಾಠಶಾಲೆಯಲ್ಲಿ ಓದಿದ ಈ ಅಧಿಕರಣ ನನಗೆ ಮತ್ತೆ ನೆನಪಾದದ್ದು ಬೈಪಾಸ್ ರಸ್ತೆಗೆ ಹೋಗುವ ನಮ್ಮ ಹೊಲದ ಜಂಟಿ ಅಳತೆಯ ದಿನ. ಸರ್ವೆಯವರು ಟೇಪು ಹಿಡಿದು ಬದುವಿನ ಹುಣಸೆಮರದ ಸುತ್ತಳತೆ ಬರೆದುಕೊಂಡರು. ಬಾವಿ, ಅದರ ಕಲ್ಲುಕಟ್ಟಡ, ಪೈಪ್‌ಲೈನ್, ಪಂಪ್‌ಸೆಟ್ ಎಲ್ಲವೂ ಮಹಜರಿಗೆ ಬಂತು. ಅಲ್ಲೇ ಒಬ್ಬ ಹೆಂಗಸು ನಿಂತಿದ್ದಳು. ನಮ್ಮ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಮಕ್ಕಳನ್ನು ಸಾಕಿದವಳು. ಆ ಮರದ ಹಣ್ಣು ಬಡಿದು ಕೊಟ್ಟರೆ ಅರ್ಧ ಅವಳದೇ. ಪಹಣಿಯಲ್ಲಿ ಅವಳ ಹೆಸರಿಲ್ಲ, ಮಹಜರಿನಲ್ಲೂ ಬರಲಿಲ್ಲ.

2013ರ ಭೂಸ್ವಾಧೀನ ಕಾಯ್ದೆ 1894ರದಕ್ಕಿಂತ ಎಷ್ಟೋ ವಾಸಿ. ಹಳೆಯ ಕಾಯ್ದೆಯ ಕೊನೆಗಾಲದಲ್ಲಿ ಶೇ 30 ಇದ್ದ ಸಾಂತ್ವನ ಧನ, ಅಂದರೆ ಪರಿಹಾರದ ಮೇಲೆ ಹೆಚ್ಚುವರಿಯಾಗಿ ಕೊಡುವ ಹಣ, ಈಗ ಶೇ 100. ಸ್ವಾಧೀನಕ್ಕೆ ಮುಂಚಿನ 3 ವರ್ಷ ಅಲ್ಲಿನ ದುಡಿಮೆಯನ್ನೇ ನಂಬಿದ್ದ ಕೂಲಿಯವರು, ಗೇಣಿದಾರರು ಕೂಡ ಬಾಧಿತ ಕುಟುಂಬವೇ ಎಂದು ಅದು ಒಪ್ಪುತ್ತದೆ. ಆದರೂ ನೆಲದ ಲೆಕ್ಕ ಶುರುವಾಗುವುದು ಮಾರ್ಗಸೂಚಿ ದರದಿಂದ, ಇಲ್ಲವೇ ಸುತ್ತಲಿನ ಕ್ರಯಪತ್ರಗಳಿಂದ. ಮುದ್ರಾಂಕ ಶುಲ್ಕ ಉಳಿಸಲು ಕಡಿಮೆ ಬೆಲೆ ಬರೆಸಿದ ಪತ್ರಗಳು ಅವುಗಳಲ್ಲಿ ಎಷ್ಟೋ! ಮೇಲಾಗಿ, ನಾವು ಮಾರಲು ಹೊರಟವರೇ ಅಲ್ಲ.

ರಸ್ತೆ ಬೇಡವೆನ್ನಲಾರೆ. ಹೆರಿಗೆ ನೋವು ತಿನ್ನುವವಳನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸುವ ರಸ್ತೆ ಎಲ್ಲರದು. ಆದರೆ ಎಲ್ಲರ ಹೆಸರು ಹೇಳಿ ನೆಲ ಕೇಳುವ ಸರ್ಕಾರ, ಆ ಎಲ್ಲರಲ್ಲಿ ಆಳುಮಗಳನ್ನೂ ಸೇರಿಸಬೇಕು. ಅದರ ಹಕ್ಕು ಒಡೆತನದಿಂದ ಬಂದದ್ದಲ್ಲ, ಕಾಯುವ ಹೊಣೆಯಿಂದ ಬಂದದ್ದು. ಕಾಯಬೇಕಾದವರು ಬೆಲೆ ಎಣಿಸಿಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಬದುಕು ಮತ್ತೆ ನೆಲೆ ನಿಲ್ಲುವವರೆಗೆ ಜೊತೆಗಿರಬೇಕು. ಬದಲಿ ಜಮೀನು ಸಿಗುವ ಕಡೆ ಜಮೀನನ್ನೇ ಕೊಡಬೇಕು.

ಪುನರ್ವಸತಿ ಪಟ್ಟಿಗೆ ಆ ಹೆಂಗಸಿನ ಹೆಸರು ಸೇರಿಸಿ ಎಂದು ಅರ್ಜಿ ಕೊಟ್ಟಿದ್ದೇನೆ. ಕೂಲಿ ಕೊಟ್ಟ ರಸೀದಿ ಕೇಳಿದ್ದಾರೆ. ಹೊಲದ ಕೂಲಿಗೆ ರಸೀದಿ ಬರೆದವರು ನಮ್ಮ ಕಡೆ ಯಾರಿದ್ದಾರೆ? ಅಕ್ಕಪಕ್ಕದ ಹೊಲದವರಿಂದ ಸಾಕ್ಷಿ ಹೇಳಿಕೆ ಬರೆಸುತ್ತಿದ್ದೇನೆ.