ಹಳೆಯ ಗಣಕಯಂತ್ರವೂ ಒಡೆಯನ ಋಣವೂ

ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಸ್ವಾಮ್ಯವುಂಟೆಂಬುದನ್ನು ಎಲ್ಲರೂ ಬಲ್ಲರು. ಆ ಸ್ವಾಮ್ಯದೊಡನೆ ಬಂದ ಹೊಣೆಯು ಎಂದು ತೀರುವುದೆಂದು ವಿಚಾರಿಸುವವರು ಮಾತ್ರ ವಿರಳ. ವಸ್ತುವು ಹೊಸ್ತಿಲನ್ನು ದಾಟಿದೊಡನೆ ಹೊಣೆಯೂ ದಾಟಿಹೋಗುವುದೇ? ಅಂಗಡಿ ಕಚೇರಿಗಳಲ್ಲಿ ಉಪಯೋಗ ತೀರಿದ ಗಣಕಯಂತ್ರಗಳು ಈ ಪ್ರಶ್ನೆಯನ್ನು ಇಂದು ತೀವ್ರವಾಗಿ ಎತ್ತಿವೆ.

ವಿಟ್ಲ ಸೀಮೆಯ ಹಳೆಯ ಗೃಹಕೃತ್ಯದಲ್ಲಿ ಕಸವೆಂಬುದು ಬಹು ಅಲ್ಪವಾಗಿತ್ತು. ಅಡಕೆಯ ಸಿಪ್ಪೆ, ಸೋಗೆ, ಹಾಳೆಗಳು ಕೊಳೆತು ಮರದ ಬುಡಕ್ಕೇ ಗೊಬ್ಬರವಾಗುತ್ತಿದ್ದುವು. ಒಡೆದ ಕಂಚಿನ ಪಾತ್ರೆಯು ಕಂಚುಗಾರನ ಮೂಸೆಯಲ್ಲಿ ಕರಗಿ ಹೊಸ ಪಾತ್ರೆಯಾಗುತ್ತಿದ್ದಿತು. ಈಗ ಅಡಕೆಯ ಮಂಡಿ, ಸಹಕಾರಿ ಸಂಘ, ವಕೀಲರ ಕಚೇರಿ, ಶಾಲೆ—ಎಲ್ಲೆಲ್ಲಿಯೂ ಲೆಕ್ಕದ ಪುಸ್ತಕದ ಸ್ಥಾನದಲ್ಲಿ ಗಣಕಯಂತ್ರವು ಕುಳಿತಿದೆ. ಇದನ್ನು ಮಣ್ಣು ಜೀರ್ಣಿಸಿಕೊಳ್ಳಲಾರದು. ಹಳೆಯ ಮಾದರಿಯ ಗಾಜಿನ ತೆರೆಯಲ್ಲಿಯೂ ಬೆಸುಗೆಯಲ್ಲಿಯೂ ಸೀಸವುಂಟು. ಚಪ್ಪಟೆ ತೆರೆಗಳಲ್ಲಿ ಕೆಲವಕ್ಕೆ ಬೆಳಕು ಕೊಡುವ ದೀಪಗಳಲ್ಲಿ ಪಾದರಸವುಂಟು. ತಂತಿಯ ಹೊದಿಕೆಯನ್ನು ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷವು ಹುಟ್ಟುವುದು. ಬಂಟ್ವಾಳ ತಾಲೂಕಿನ ಮಾಣಿಲ ಮೊದಲಾದ ಗ್ರಾಮಗಳಲ್ಲಿ ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದು, ಒಸರುವ ನೀರನ್ನು ಕುಡಿಯುವ ಮನೆಗಳಿವೆ. ಅಂಥ ನೆಲದಲ್ಲಿ ಮೇಲ್ಗುಡ್ಡದಲ್ಲಿ ಸುರಿದ ವಿಷವು ಕೆಳಗಿನವನ ಬಿಂದಿಗೆಗೆ ಇಳಿಯದೆಂದು ಯಾರು ಹೇಳಬಲ್ಲರು?

ಆದುದರಿಂದ ಮೊದಲು ಕೇಳತಕ್ಕ ಪ್ರಶ್ನೆಯು, ಯಂತ್ರವು ನಿಜವಾಗಿಯೂ ಜೀರ್ಣವಾಗಿದೆಯೇ ಎಂಬುದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಒಗ್ಗದ ಅನೇಕ ಯಂತ್ರಗಳು, ಅಂಗದಲ್ಲಿ ಊನವಿಲ್ಲದೆಯೂ, ಒಂದೇ ದಿನದಲ್ಲಿ ಮುದಿಯೆನಿಸಿದುವು. ಅವುಗಳಲ್ಲಿ ಹಲವಕ್ಕೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಅಳವಡಿಸಿ ಇನ್ನೂ ಕೆಲವು ವರ್ಷ ದುಡಿಸಬಹುದು. ಕೈಯಲ್ಲಿ ಒಯ್ಯುವ ಗಣಕದ ಆಯುಷ್ಯದಲ್ಲಿ ವಾತಾವರಣಕ್ಕೆ ತಗಲುವ ಹಾನಿಯ ಬಹುಭಾಗವು ಅದರ ತಯಾರಿಕೆಯಲ್ಲಿಯೇ ಆಗಿಹೋಗುವುದರಿಂದ, ಇದ್ದುದನ್ನೇ ಹೆಚ್ಚು ಕಾಲ ಬಳಸುವುದು ಶ್ರೇಷ್ಠವಾದ ಉಪಾಯವು.

ತನಗೆ ಬೇಡವಾದುದನ್ನು ಬಡ ಶಾಲೆಗೆ ದಾನ ಮಾಡುವುದು ಪುಣ್ಯಕರವೆಂದು ಕೆಲವರೆನ್ನುವರು. ಕಠೋಪನಿಷತ್ತಿನ ಕಥೆಯನ್ನು ಇಲ್ಲಿ ನೆನೆಯಬೇಕು. ತಂದೆಯು ಯಜ್ಞದಲ್ಲಿ ಹಾಲು ಬತ್ತಿದ ಮುದಿ ಹಸುಗಳನ್ನು ದಾನವಾಗಿ ಕೊಡುತ್ತಿರುವುದನ್ನು ಕಂಡು ಬಾಲಕ ನಚಿಕೇತನ ಮನಸ್ಸು ಕದಡಿತು. ಕೆಟ್ಟ ಯಂತ್ರಗಳನ್ನು ಶಾಲೆಯ ಮೂಲೆಯಲ್ಲಿ ಒಟ್ಟಿ, ಭಾವಚಿತ್ರ ತೆಗೆಸಿಕೊಂಡು ಬರುವ ದಾತೃವು ಆ ತಂದೆಗಿಂತ ಹೇಗೆ ಮೇಲು? ಅವನು ಕೊಟ್ಟದ್ದು ದಾನವಲ್ಲ, ತನ್ನ ಕಸದ ಹೊರೆ. ದಾನವೆನಿಸಬೇಕಾದರೆ ಯಂತ್ರವು ನಡೆಯುತ್ತಿರಬೇಕು. ಅದರೊಳಗಿನ ಗಿರಾಕಿಗಳ ಲೆಕ್ಕಪತ್ರಗಳನ್ನು ಪೂರ್ತಿಯಾಗಿ ಅಳಿಸಿರಬೇಕು, ಏಕೆಂದರೆ ಸಾಮಾನ್ಯವಾಗಿ ಅಳಿಸಿದ ಬರಹವನ್ನು ಬಲ್ಲವನು ಮರಳಿ ಓದಬಲ್ಲನು. ಮತ್ತು ಅದು ಶಾಲೆಯಲ್ಲಿ ಕೊನೆಯುಸಿರೆಳೆದಾಗ ದಾತೃವೇ ಹಿಂದಕ್ಕೆ ಒಯ್ದು ಅದಕ್ಕೆ ತಕ್ಕ ವಿಲೇವಾರಿ ಮಾಡಬೇಕು. ಈ ಮೂರನೆಯ ನಿಬಂಧನೆಯೇ ದಾನದ ಪರೀಕ್ಷೆ.

ಗುಜರಿಯವನಿಗೆ ಮಾರುವುದು ಇನ್ನೊಂದು ಮಾರ್ಗ. ಒಂದು ಟನ್ ಗಣಕದ ಫಲಕಗಳಲ್ಲಿ, 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಂಥಲ್ಲಿಂದ ತೆಗೆದ ಒಂದು ಟನ್ ಅದಿರಿಗಿಂತ ಹತ್ತಾರು ಪಟ್ಟು ಹೆಚ್ಚು ಚಿನ್ನವಿರುವುದುಂಟು. ದೆಹಲಿಯ ಸೀಲಂಪುರದಂತಹ ಕೇರಿಗಳಲ್ಲಿ ಬಡವರು, ಮಕ್ಕಳು ಸಹ, ಬರಿಗೈಯಿಂದ ಆಮ್ಲದಲ್ಲಿ ಫಲಕಗಳನ್ನು ಅದ್ದಿ ಲೋಹವನ್ನು ತೆಗೆದ ವೃತ್ತಾಂತವು ಪ್ರಸಿದ್ಧವಾದುದು. ಗುಜರಿಯವನೂ ಬದುಕಬೇಡವೇ ಎಂದರೆ, ಅವನ ಸಂಗ್ರಹದ ದುಡಿಮೆಯು ನಿಂದ್ಯವಲ್ಲ; ಹೆಚ್ಚು ಬೆಲೆ ಯಾರು ಕೊಡುವರೆಂದು ಮಾತ್ರ ನೋಡಿ, ಆ ಹೆಚ್ಚಳವು ಯಾರ ಶ್ವಾಸಕೋಶದಿಂದ ಬಂದುದೆಂದು ಕೇಳದಿರುವುದು ನಿಂದ್ಯ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಲೋಕದಲ್ಲಿ ಹುಟ್ಟಿದ ಇ-ತ್ಯಾಜ್ಯವು 6.2 ಕೋಟಿ ಟನ್. ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದುದಕ್ಕೆ ದಾಖಲೆಯಿರುವುದು ನೂರಕ್ಕೆ 22.3 ಪಾಲಿಗೆ ಮಾತ್ರ.

ಕಾಯಿದೆಯೇನೋ ಇದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ದೊಡ್ಡ ಬಳಕೆದಾರರು ತಮ್ಮ ತ್ಯಾಜ್ಯವನ್ನು ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸತಕ್ಕದ್ದು. ಆದರೆ ದೊಡ್ಡ ಬಳಕೆದಾರನೆಂದರೆ ವರ್ಷದಲ್ಲಿ ಎಂದಾದರೂ ಒಂದು ಸಾವಿರ ಉಪಕರಣಗಳನ್ನಾದರೂ ಬಳಸಿದವನು. ವಿಟ್ಲದ ಮಂಡಿಯವರಾಗಲಿ ವಕೀಲರಾಗಲಿ ಆ ಲೆಕ್ಕಕ್ಕೆ ಬರುವರೇ? ಕಾಯಿದೆಯ ಕೈ ಎಟುಕದಲ್ಲಿಯೇ ಧರ್ಮದ ಕೆಲಸವು ಆರಂಭವಾಗುವುದು.

ಈ ಕೆಲಸವು ಅಸಾಧ್ಯವೂ ಅಲ್ಲ. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ 2005ರ ಹೊತ್ತಿಗೇ ಇ-ಪರಿಸರ ಸಂಸ್ಥೆಯು ಇಂತಹ ತ್ಯಾಜ್ಯವನ್ನು ಕ್ರಮವಾಗಿ ಬಿಡಿಸುವ ಉದ್ಯಮವನ್ನು ತೊಡಗಿತು; ಅನಂತರ ಮತ್ತೂ ಹಲವು ಸಂಸ್ಥೆಗಳಾಗಿವೆ. ಒಬ್ಬನ ಎರಡು ಯಂತ್ರಗಳಿಗಾಗಿ ಲಾರಿಯು ಘಟ್ಟ ಇಳಿದು ಬಾರದು. ಹತ್ತು ಕಚೇರಿಯವರು ಕೂಡಿ ವರ್ಷಕ್ಕೊಮ್ಮೆ ಒಟ್ಟುಗೂಡಿಸಿದರೆ ಬಂದೀತು. ಗುಜರಿಯ ಬೆಲೆಗಿಂತ ಕೆಲವು ರೂಪಾಯಿ ಕಡಿಮೆ ದೊರೆಯಬಹುದು, ಸಾಗಾಟದ ವೆಚ್ಚವೂ ತಗಲಬಹುದು. ಯಂತ್ರವು ವರ್ಷಗಟ್ಟಲೆ ಗಳಿಸಿಕೊಟ್ಟ ಲಾಭದಲ್ಲಿ ಅದು ಎಷ್ಟರ ಪಾಲು? ಆ ಅಲ್ಪ ನಷ್ಟವನ್ನು ಒಪ್ಪಿಕೊಂಡವನಿಗೆ ವಸ್ತುವಿನ ಋಣವು ತೀರುವುದು. ಒಪ್ಪದವನ ಋಣವನ್ನು ಅವನು ಕಂಡರಿಯದ ಯಾವನೋ ಬಡವನು ತನ್ನ ದೇಹದಿಂದ ತೀರಿಸಬೇಕಾಗುವುದು.